ಪೆಟ್ರೋಲು ನೋಡುವ ಬಾಟಲಿ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಸಂಡಿಗೆ ಡಬ್ಬಿಗಳ ಹಿಂದೆ, ಒಂದು ಖಾಲಿ ಗಾಜಿನ ಬಾಟಲಿ ಇದೆ. ಮೊಮ್ಮಕ್ಕಳಾದ ನೀವಿಬ್ಬರೂ ಸಣ್ಣವರಿದ್ದಾಗ ಗೋಲಿ ಹಾಕಿಡಲು ಅದನ್ನು ಕೇಳಿದ್ದಿರಿ. ನಾನು ಕೊಡಲಿಲ್ಲ. ಒಮ್ಮೆ ನಿಮ್ಮ ಅವ್ವ ಅದರಲ್ಲಿ ಮೆಂತ್ಯದ ಕಾಳು ತುಂಬಿಟ್ಟಿದ್ದಳು. ನಾನು ಕಾಳು ತೆಗೆದು, ಬಾಟಲಿ ಒರೆಸಿ, ಮತ್ತೆ ಖಾಲಿಯಾಗಿ ಮೇಲಿಟ್ಟೆ. ಅತ್ತೆಗೆ ಒಂದು ಬಾಟಲಿಯ ಮೇಲೆ ಇಷ್ಟೇಕೆ ಜೀವ ಎಂದು ಅವಳಿಗೆ ಅನ್ನಿಸಿರಬೇಕು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಬರೆಯುವುದು ಅಷ್ಟಿಷ್ಟು ಬರುತ್ತದೆ. ವಿಜಯಪುರದ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ಚಿಕ್ಕವನ ಶಾಲೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡವಳು ಕನ್ನಡದ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ, ಅವಳು ಓದಲಿ. ಚಿಕ್ಕವನು ಬೆಳೆದ ಮೇಲೆ ಅಕ್ಕನಿಂದ ಓದಿಸಿಕೊಳ್ಳಲಿ.

ಹೋದ ವಾರದ್ದು, ನಿನಗೆ ನೆನಪಿರಬೇಕು. ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯವರು ಕಳಿಸಿದ ಪುಸ್ತಕವನ್ನು ನೀನು ಟೇಬಲ್ಲಿನ ಮೇಲೆ ಹರಡಿಕೊಂಡು ಕೂತಿದ್ದೆ. ನಾನು ಎದುರಿಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ನಿನ್ನ ತಮ್ಮ ಮೊಬೈಲಿನಲ್ಲಿ ಮುಳುಗಿದ್ದ.

"ಅಜ್ಜಿ, ಅಜ್ಜ ಏರ್‌ಪೋರ್ಟ್‌ನಲ್ಲಿ ಎಕ್ಸಾಕ್ಟ್ಲಿ ಕ್ಯಾ ಕಾಮ್ ಮಾಡ್ತಿದ್ರು? ಪಪ್ಪಾ ಪೂರಾ ಹೇಳೋದೇ ಇಲ್ಲ."

"ಸಣ್ಣ ವಿಮಾನಕ್ಕ ಪೆಟ್ರೋಲ್ ಹಾಕತಿದ್ರವ್ವಾ."

"ಹವಾ ಭೀ ಭರ್ತೇ ಥೇ ಕ್ಯಾ?" ಗಾಳಿಯನ್ನೂ ತುಂಬುತ್ತಿದ್ದರೇ ಎಂದು ತಲೆ ಎತ್ತದೆಯೇ ನಿನ್ನ ತಮ್ಮ ಕೇಳಿದ. ನೀನು ನಕ್ಕು ಅವನಿಗೆ ಪೆನ್ನಿನಿಂದ ಹೊಡೆದೆ. ನನಗೂ ನಗು ಬಂತು.

ಆಮೇಲೆ ನೀನು ಪುಸ್ತಕದ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿ ನನಗೆ ತಿಳಿಸಿ ಹೇಳಿದೆ. ಪ್ರತಿಸಲ ಹಾರುವ ಮುಂಚೆ ರೆಕ್ಕೆಯ ಕೆಳಗಿನಿಂದ ಸ್ವಲ್ಪ ಪೆಟ್ರೋಲು ತೆಗೆದು ನೋಡಬೇಕಂತೆ, ನೀರು ಕಂಡರೆ ಮತ್ತೆ ತೆಗೆಯಬೇಕಂತೆ. "ಪಾನಿ ದಿಖಾ ತೋ ಫಿರ್ ಸೇ ನಿಕಾಲೋ. ಸಾಫ್ ಬರೋ ತನಕ. ಸಿಂಪಲ್ ಐತಿ ಅಜ್ಜಿ."

"ಹೌದವ್ವಾ, ಸಿಂಪಲ್ ಐತಿ," ಎಂದೆ. ನಾನು ಎಲೆಗಳನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕುತ್ತಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು.

ಆ ಸಿಂಪಲ್ ಕೆಲಸ ನಿನ್ನ ಅಜ್ಜನ ಕೈಯಲ್ಲಿ ಒಂದು ದಿನ ತಪ್ಪಿತು. ಒಬ್ಬ ಹುಡುಗ ಸತ್ತ. ಅದರ ಬಗ್ಗೆ ನಾನು ಒಂದು ಸುಳ್ಳು ಹೇಳಿದೆ, ಆ ಸುಳ್ಳು ಸರಕಾರದ ಕಾಗದದಲ್ಲೂ ಹೋಗಿ ಕೂತಿದೆ. ಬರುವ ಸೋಮವಾರ ನೀನು ಆ ಶಾಲೆಗೆ ಹೊರಡುತ್ತೀಯ. ಇನ್ನು ಮೇಲೆ ನಿನ್ನ ಜೀವ ಆ ಬಾಟಲಿಯಷ್ಟು ಪೆಟ್ರೋಲಿನ ಮೇಲೆ ನಿಂತಿರುತ್ತದೆ. ಅದಕ್ಕೆ ಮೊದಲು ನಾನು ನಿಜ ಬರೆದು ಮುಗಿಸಬೇಕು.

ಆಗ ನಾವು ಮುಂಬಯಿಯ ಭಾಂಡುಪ್‌ನ ಚಾಳಿನಲ್ಲಿ ಇದ್ದೆವು. ಒಂದು ಕೋಣೆ, ಮೂಲೆಯಲ್ಲಿ ಪಾತ್ರೆ ತೊಳೆಯುವ ಒಂದು ಮೋರಿ, ಮುಂದೆ ಎಲ್ಲರಿಗೂ ಸೇರಿದ ಗ್ಯಾಲರಿ. ನಿನ್ನ ಅಜ್ಜ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಘಾಟ್ಕೋಪರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಪಶ್ಚಿಮದ ಕಡೆ ಹೋಗುತ್ತಿದ್ದರು. ಸಮುದ್ರದ ಹತ್ತಿರ ಒಂದು ಸಣ್ಣ ವಿಮಾನ ಮೈದಾನ. ದೊಡ್ಡ ವಿಮಾನಗಳು ಅಲ್ಲಿ ಇಳಿಯುವುದಿಲ್ಲ. ಅಲ್ಲಿ ಒಬ್ಬ ಶ್ರೀಮಂತರ ಸ್ವಂತ ವಿಮಾನ ಇತ್ತು, ನಾಲ್ಕು ಜನ ಕೂರುವಂಥದ್ದು. ಅದನ್ನು ತೊಳೆಯುವುದು, ಹೊದಿಕೆ ಹಾಕುವುದು, ಪೆಟ್ರೋಲು ತುಂಬುವುದು, ತುಂಬಿದ್ದನ್ನು ನೋಡುವುದು ಅವರ ಕೆಲಸ. ಓದಿದ್ದು ನನಗಿಂತ ಎರಡೇ ತರಗತಿ ಹೆಚ್ಚು. ಆದರೆ ಆ ಕೆಲಸವನ್ನು ಅವರು ಪೂಜೆಯ ಹಾಗೆ ಮಾಡುತ್ತಿದ್ದರು.

ಪೆಟ್ರೋಲು ಎಷ್ಟಿದೆ ಎಂದು ತೋರಿಸಲು ವಿಮಾನದ ಒಳಗೆ ಮುಳ್ಳು ಇರುತ್ತದಂತೆ. ಅದನ್ನು ಅವರು ನಂಬುತ್ತಿರಲಿಲ್ಲ. ಏಣಿ ಇಟ್ಟು ಹತ್ತಿ, ರೆಕ್ಕೆಯ ಮೇಲಿನ ಮುಚ್ಚಳ ತೆಗೆದು, ಗೀಟು ಕೊರೆದ ಮರದ ಕೋಲನ್ನು ಇಳಿಬಿಟ್ಟು ನೋಡುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಅಭ್ಯಾಸ. ಹಿಟ್ಟಿನ ಡಬ್ಬಿಯಲ್ಲಿ ಲಟ್ಟಣಿಗೆ ಇಳಿಸಿ, ಇನ್ನು ಎಷ್ಟು ದಿನ ರೊಟ್ಟಿಗೆ ಆಗುತ್ತದೆ ಎಂದು ಹೇಳುವರು. "ಡಬ್ಬಿ ಹಾರೂದಿಲ್ಲರಿ, ಬಿಡ್ರಿ," ಎಂದು ನಾನು ಅನ್ನುತ್ತಿದ್ದೆ.

ಮಳೆಗಾಲದಲ್ಲಿ ಅವರಿಗೆ ಸಮಾಧಾನ ಇರುತ್ತಿರಲಿಲ್ಲ. ಟ್ಯಾಂಕು ಅರ್ಧ ಖಾಲಿ ಇಟ್ಟರೆ ಒಳಗಿನ ಹಸಿ ಗಾಳಿ ಬೆವರಿ ನೀರಾಗುತ್ತದೆ, ಅದಕ್ಕೆ ಸಂಜೆಯೇ ತುಂಬಿಡಬೇಕು ಎನ್ನುವರು. ಬೆಳಿಗ್ಗೆ ರೆಕ್ಕೆಗಳ ಕೆಳಗಿನ ಸಣ್ಣ ಗುಂಡಿ ಒತ್ತಿ, ಒಂದು ಪಾರದರ್ಶಕ ಲೋಟಕ್ಕೆ ಪೆಟ್ರೋಲು ಇಳಿಸಿ, ಬೆಳಕಿಗೆ ಹಿಡಿದು ನೋಡಬೇಕು. ಆ ಲೋಟ ಒಂದು ದಿನ ಬಿರುಕು ಬಿಟ್ಟಿತು. ಹೊಸದು ಬರುತ್ತದೆ, ಬರುತ್ತದೆ ಎಂದು ಮಾಲೀಕರ ಆಫೀಸಿನವರು ಹೇಳುತ್ತಲೇ ಇದ್ದರು. ಅದಕ್ಕೆ ನಿನ್ನ ಅಜ್ಜ, ಮನೆಯಿಂದ ಒಂದು ಬಾಟಲಿ ಕೊಡು ಎಂದರು. ಜೇನುತುಪ್ಪ ಮುಗಿದಿದ್ದ ಒಂದು ದಪ್ಪ ಗಾಜಿನ ಬಾಟಲಿ ಕೊಟ್ಟೆ. ಅಗಲ ಬಾಯಿ, ಚಪ್ಪಟೆ ತಳ. ಅವರಿಗೆ ಅದು ಬಹಳ ಹಿಡಿಸಿತು.

ಅಲ್ಲೇ ಬಿಟ್ಟು ಬಂದರೆ ಯಾರಾದರೂ ಅದರಲ್ಲಿ ಚಹಾ ಕುಡಿಯುತ್ತಾರೆ, ಇಲ್ಲವೇ ಬೀಡಿ ತುಂಡು ಹಾಕುತ್ತಾರೆ. ಅದಕ್ಕೆ ದಿನಾ ಸಂಜೆ ಅದನ್ನು ಬಟ್ಟೆಯಿಂದ ಒರೆಸಿ, ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ಮನೆಗೆ ತರುತ್ತಿದ್ದರು. ಲೋಕಲ್‌ನಲ್ಲಿ ಜನ ಮೂಗು ಹಿಡಿದು ಸರಿಯುತ್ತಾರೆ, ಅದರಿಂದ ತಮಗೆ ಕೂರಲು ಜಾಗ ಸಿಗುತ್ತದೆ ಎಂದು ನಗುತ್ತಿದ್ದರು.

ಒಂದು ಭಾನುವಾರ ನನ್ನನ್ನು ಹತ್ತಿರ ಕೂರಿಸಿಕೊಂಡು ತೋರಿಸಿದರು. ಆಗ ರೇಷನ್ ಸೀಮೆಎಣ್ಣೆ ನೀಲಿ ಬಣ್ಣದ್ದು ಬರುತ್ತಿತ್ತು. ವಿಮಾನದ ಪೆಟ್ರೋಲೂ ನೀಲಿಯೇ ಅಂತೆ. ಬಾಟಲಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ, ಬೆರಳು ನೀರಲ್ಲಿ ಅದ್ದಿ ಎರಡು ಹನಿ ಉದುರಿಸಿದರು. ಹನಿಗಳು ಮುಳುಗಿ ತಳದಲ್ಲಿ ಮಣಿಗಳ ಹಾಗೆ ಕೂತವು. ಬಾಟಲಿ ವಾರೆ ಮಾಡಿದರೆ ಮಣಿಗಳು ಉರುಳುತ್ತಿದ್ದವು.

"ಇದು ಎಂಜಿನ್ನಿಗೆ ಹೋದ್ರ?" ಎಂದು ಕೇಳಿದೆ.

"ನಮ್ಮ ಸ್ಟೋ ಏನ್ ಮಾಡತೈತಿ ಎಣ್ಣ್ಯಾಗ ನೀರ ಇದ್ರ?"

"ಬುಸ್ ಬುಸ್ ಅಂದು ಆರತೈತ್ರಿ."

"ಇಲ್ಲೆ ಆರಿದ್ರ ನೀ ಕಡ್ಡಿ ಗೀರಿ ಮತ್ತ ಹಚ್ಚತಿ. ಅಲ್ಲೆ ಮ್ಯಾಲ ಹಚ್ಚಾಕ ಯಾರ ಹೊಕ್ಕಾರ?"

ಅದಾದ ಮೇಲೆ ನನಗೆ ಒಂದೇ ಕಟ್ಟಳೆ ಹಾಕಿದರು. ಈ ಬಾಟಲಿಗೆ ನೀರು ಮುಟ್ಟಿಸಬಾರದು. ನಾನು ಎಷ್ಟೋ ತಿಂಗಳು ಮುಟ್ಟಿಸಲಿಲ್ಲ.

ಆ ವಿಮಾನ ಹಾರಿಸುತ್ತಿದ್ದವನು ಒಬ್ಬ ಮರಾಠಿ ಹುಡುಗ. ನಿಮ್ಮ ಅಪ್ಪನಿಗಿಂತ ಎರಡು ಮೂರು ವರ್ಷ ದೊಡ್ಡವನು ಇರಬಹುದು. ಅಷ್ಟು ಓದಿದವನು ನಿನ್ನ ಅಜ್ಜನನ್ನು ಕಾಕಾ ಎಂದು ಕರೆಯುತ್ತಿದ್ದ. ನನ್ನನ್ನು ನೋಡದೆಯೇ ನನಗೆ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಹೆಸರಿಟ್ಟಿದ್ದ. ನನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವನಿಗೆ ಬೇಕೇಬೇಕು. ಅವನಿಗೆಂದು ಎರಡು ರೊಟ್ಟಿ ಹೆಚ್ಚು ಕಟ್ಟುತ್ತಿದ್ದೆ. ಒಮ್ಮೆ ಮಾತ್ರ ಚಾಳಿಗೆ ಬಂದಿದ್ದ. ನಾನು ಬಾಗಿಲ ಹಿಂದೆ ನಿಂತೇ ನೀರು ಕೊಟ್ಟೆ. "ಕಾಕೂ, ಆಪ್ ಕೋ ಭೀ ಏಕ್ ದಿನ್ ಬಿಠಾಯೇಂಗೆ," ಎಂದ, ನಿಮ್ಮನ್ನೂ ಒಂದು ದಿನ ವಿಮಾನದಲ್ಲಿ ಕೂರಿಸುತ್ತೇವೆ ಎಂದು. ನನ್ನ ಹಿಂದಿ ಗಂಟಲಲ್ಲೇ ಉಳಿಯಿತು. ಹೂಂ ಎಂದಾದರೂ ಅನ್ನಬಹುದಿತ್ತು.

ನೀನು ಹುಟ್ಟಿದ್ದು ನಿನ್ನ ಅವ್ವನ ತವರಿನಲ್ಲಿ. ಐದನೆಯ ತಿಂಗಳಿಗೆ ಬಾಣಂತಿಯನ್ನೂ ಕೂಸನ್ನೂ ತೊಟ್ಟಿಲ ಸಮೇತ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆಗ ಜೋರು ಮಳೆಗಾಲ. ನಾಳೆ ನೀನು ಬರುತ್ತೀಯ ಎನ್ನುವಾಗ ನಾನು ಇಡೀ ಕೋಣೆ ತೊಳೆದೆ. ಗೋಡೆ, ನೆಲ, ಹಲಗೆ, ಒಂದು ಚಮಚ ಬಿಡದೆ ಎಲ್ಲ ಪಾತ್ರೆ. ಆ ಪೆಟ್ರೋಲಿನಲ್ಲಿ ಸೀಸ ಎಂಬ ವಿಷ ಇರುತ್ತದೆ, ಮುಟ್ಟಿದರೆ ಕೈ ತೊಳೆದುಕೋ ಎಂದು ನಿನ್ನ ಅಜ್ಜನೇ ಹಿಂದೆ ಹೇಳಿದ್ದರು. ಕೂಸಿನ ಹಾಲಿನ ಪಾತ್ರೆ ಇಡುವ ಹಲಗೆಯ ಮೇಲೆಯೇ, ಅವರು ಸಂಜೆ ತಂದಿಟ್ಟ ಆ ಬಾಟಲಿ ಇತ್ತು. ನನಗೆ ಸಹಿಸಲಾಗಲಿಲ್ಲ. ಸಾಬೂನು ಹಚ್ಚಿ ತೊಳೆದುಬಿಟ್ಟೆ.

ತೊಳೆದ ಮೇಲೆ ಕಟ್ಟಳೆ ನೆನಪಾಯಿತು. ಇಲ್ಲಿಂದ ಮುಂದಿನದನ್ನು ಸರಿಯಾಗಿ ಓದು. ಅವರ ಹಳೆಯ ಧೋತರದ ತುಂಡಿನಿಂದ ಬಾಟಲಿಯ ಒಳಗೆ ಹೊರಗೆ ಒರೆಸಿದೆ. ಹಸಿ ಗಾಳಿಯಲ್ಲಿ ಅದು ಒಣಗುವುದಿಲ್ಲವೆಂದು, ರೊಟ್ಟಿ ಮುಗಿದ ಮೇಲೆ ಒಲೆ ಆರಿಸಿ, ಬಿಸಿ ಹಂಚಿನ ಮೇಲೆ ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಇಟ್ಟೆ. ಗಾಜು ಬೆಚ್ಚಗಾಯಿತು. ಒಳಗೆ ಬೆರಳಾಡಿಸಿದೆ. ಬೆರಳು ಒಣಗಿಯೇ ಬಂತು. ಮುಚ್ಚಳವನ್ನೂ ಹಾಗೆಯೇ ಒಣಗಿಸಿ, ಬಾಟಲಿ ಮುಚ್ಚಿ, ಪೇಪರಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟೆ.

ಮರುದಿನ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುವಾಗ ಹೇಳಿದೆ, "ಬಾಟ್ಲಿ ತೊಳದೀನ್ರಿ. ಕೂಸು ಬರತೈತಲ್ಲ ಅಂತ."

"ಬ್ಯಾಡ ಅಂದಿದ್ನಿಲ್ಲೋ?"

"ಒರಸೀನ್ರಿ."

"ಹೂಂ," ಎಂದರು. ಅವರಿಗೆ ಸಿಟ್ಟು ಬರಲಿಲ್ಲ. ಮೊಮ್ಮಗಳು ಬರುವ ದಿನ ಅದು. ಸಂಜೆ ಬೇಗ ಬರುತ್ತೇನೆ ಎಂದು ಇಳಿದು ಹೋದರು.

ಅಲ್ಲಿ ಆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅವರ ಬಾಯಿಂದ ಕೇಳಿದ್ದನ್ನು ಬರೆಯುತ್ತೇನೆ. ವಿಮಾನದ ಬಲಗಡೆ ರೆಕ್ಕೆಯ ಮುಚ್ಚಳದಲ್ಲಿ ಒಂದು ರಬ್ಬರಿನ ಬಳೆ ಇರುತ್ತದೆ, ಕುಕ್ಕರಿನದರ ಹಾಗೆ. ಅದು ಸವೆದಿದೆ, ಬದಲಿಸಿ ಎಂದು ಅವರು ಎಷ್ಟೋ ಸಲ ಆಫೀಸಿಗೆ ಹೇಳಿದ್ದರು. ಆ ವಾರ ಶೆಡ್ಡಿನಲ್ಲಿ ಬೇರೆ ವಿಮಾನ ಇದ್ದುದರಿಂದ ಇದು ಬಯಲಲ್ಲೇ ನೆನೆದಿತ್ತು. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತು. ಮಾಲೀಕರು ಬೇರೆ ಊರಿನಲ್ಲಿ ಕಾಯುತ್ತಿದ್ದರು, ಅವರನ್ನು ಕರೆತರಲು ಹುಡುಗ ಒಬ್ಬನೇ ಹೊರಟಿದ್ದ. ಮತ್ತೆ ಮಳೆ ಹಿಡಿಯುವುದರೊಳಗೆ ಬಾ ಎಂದು ಫೋನಿನ ಮೇಲೆ ಫೋನು.

ನಿನ್ನ ಅಜ್ಜ ಮೊದಲು ಎಡಗಡೆ ರೆಕ್ಕೆಯಿಂದ ಪೆಟ್ರೋಲು ಇಳಿಸಿ ನೋಡಿದರು. ಸ್ವಚ್ಛ ನೀಲಿ. ಅದನ್ನು ಚೆಲ್ಲಿ ಬಲಗಡೆಯಿಂದ ಇಳಿಸಿದರು. ತಳದಲ್ಲಿ ನಾಲ್ಕೈದು ಮಣಿ.

ಹುಡುಗ ಹತ್ತಿರವೇ ನಿಂತಿದ್ದ. "ಕ್ಯಾ ಕಾಕಾ, ಪಾನಿ ಹೈ?"

"ಬಾಟ್ಲಿ ಕಾ ಪಾನಿ ಹೈ," ಎಂದರು ನಿನ್ನ ಅಜ್ಜ. "ಘರವಾಲಿ ನೇ ಧೋಯಾ." ನೀರು ಬಾಟಲಿಯದು, ಹೆಂಡತಿ ತೊಳೆದಿದ್ದಾಳೆ ಎಂದು.

"ಕಾಕೂ ಕೋ ಬೋಲೋ, ಮೇರಾ ವಿಮಾನ್ ಭೀ ಧೋ ದೇ," ತನ್ನ ವಿಮಾನವನ್ನೂ ನಾನು ತೊಳೆದುಕೊಡಲಿ ಎಂದು ಅವನು ನಕ್ಕು, ಒಳಗೆ ಹತ್ತಿ ಕೂತ.

ಮತ್ತೊಂದು ಸಲ ಇಳಿಸಿ ನೋಡಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಇಳಿಸಲಿಲ್ಲ.

ವಿಮಾನ ನೆಲ ಬಿಟ್ಟಿತು. ಮೈದಾನದ ಗೋಡೆ ದಾಟಿದ ಮೇಲೆ ಎಂಜಿನ್ ಎರಡು ಸಲ ಕೆಮ್ಮಿದ ಹಾಗೆ ಸದ್ದಾಯಿತಂತೆ. ಆಮೇಲೆ ಸದ್ದೇ ಇಲ್ಲ. ಅದು ತಿರುಗಿ ಬರಲು ನೋಡಿತು, ಒಂದು ರೆಕ್ಕೆ ಕೆಳಗಾಯಿತು, ಉಪ್ಪುನೀರಿನ ಗಿಡಗಳ ಆಚೆ ಬಿದ್ದಿತು. ನಿನ್ನ ಅಜ್ಜ ಕೆಸರಿನಲ್ಲಿ ಓಡಿದರು. ಮೊಣಕಾಲವರೆಗೆ ಹೂತುಹೋದರು. ಅವರನ್ನು ಬೇರೆಯವರು ಎಳೆದು ತಂದರಂತೆ. ಹುಡುಗನನ್ನು ಹೊರಗೆ ತೆಗೆಯುವ ಹೊತ್ತಿಗೆ ಜೀವ ಇರಲಿಲ್ಲ.

ಮಧ್ಯಾಹ್ನ ನಿನ್ನನ್ನು ಎತ್ತಿಕೊಂಡು ನಿನ್ನ ಅವ್ವ ಹೊಸ್ತಿಲು ದಾಟಿದಳು. ನಾನು ದೃಷ್ಟಿ ತೆಗೆದೆ, ಆರತಿ ಮಾಡಿದೆ. ಚಾಳಿನ ಹೆಂಗಸರೆಲ್ಲ ಸೇರಿದ್ದರು. ಸಂಜೆ ನಿನ್ನ ಅಜ್ಜ ಬಂದಾಗ ಪ್ಯಾಂಟಿನ ಮೇಲೆ ಕಪ್ಪು ಕೆಸರು ಒಣಗಿತ್ತು. ನಿನ್ನನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ನಿನ್ನ ಅಪ್ಪ ಅವರಿಗೆ ಸ್ನಾನ ಮಾಡಿಸಿದ.

ಮರುದಿನ ಸರಕಾರದವರು ಹೇಳಿಕೆ ಬರೆದುಕೊಳ್ಳಲು ಕರೆದಿದ್ದರು. ಹೊರಡುವ ಮುಂಚೆ ನಿನ್ನ ಅಜ್ಜ ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ಆ ಬಾಟಲಿ. ನಾನು ಚಹಾ ಕೊಡಲು ಹೋದಾಗ ಆದದ್ದೆಲ್ಲವನ್ನೂ ಮೆಲ್ಲಗೆ ಹೇಳಿದರು. ಎಡಗಡೆ, ಬಲಗಡೆ, ಮಣಿ, ಹುಡುಗನ ನಗು. ಹೇಳಿ ಮುಗಿಸಿ ನನ್ನ ಮುಖ ನೋಡಿದರು.

"ಬಾಟ್ಲಿ ನೀ ಖರೇನ ಒರಸಿದ್ದೇನ?"

ಅವರ ಮುಖ ನೋಡಿ, ಏನು ಮಾಡಿಕೊಳ್ಳುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ನಮ್ಮ ಚಾಳಿನ ಹಿಂದೆಯೇ ರೈಲಿನ ಹಳಿ. ಒರೆಸಿದ್ದೆ ಎಂದರೆ ಆ ನೀರು ಟ್ಯಾಂಕಿನದು. ಅವರು ಅದನ್ನು ಕಣ್ಣಾರೆ ಕಂಡೂ ಹುಡುಗನನ್ನು ಕಳಿಸಿದ ಹಾಗೆ ಆಗುತ್ತದೆ. ಒರೆಸಿರಲಿಲ್ಲ ಎಂದರೆ ಆ ನೀರು ನನ್ನದು. ಟ್ಯಾಂಕಿನ ನೀರು ಅವರ ಕಣ್ಣಿಗೆ ಬೀಳಲೇ ಇಲ್ಲ ಎಂದಾಗುತ್ತದೆ.

"ಇಲ್ರಿ," ಎಂದೆ. "ಕೂಸು ಬರೂ ಗಡಿಬಿಡಿಯಾಗ ಹಸೀದೇ ಇಟ್ಟಿದ್ದೆ. ನಿಮಗ ಸುಳ್ಳ ಹೇಳಿದ್ನಿ."

"ಖರೇ?"

"ಖರೇರಿ."

ಅವರು ಚಹಾ ಕುಡಿದರು. ಎದ್ದು ಹೋಗಿ ಅದೇ ಮಾತನ್ನು ಬರೆಸಿ ಬಂದರು. ಅಧಿಕಾರಿಗಳು ಬಾಟಲಿ ನೋಡಿ, ಬರೆದುಕೊಂಡು, ವಾಪಸ್ ಕೊಟ್ಟರಂತೆ. ನನ್ನನ್ನು ಯಾರೂ ಕರೆದು ಕೇಳಲಿಲ್ಲ. ಕರೆದಿದ್ದರೂ ನಾನು ಸುಳ್ಳನ್ನೇ ಹೇಳುತ್ತಿದ್ದೆ.

ಹದಿಮೂರನೆಯ ದಿನ ನಾವಿಬ್ಬರೂ ಹುಡುಗನ ಮನೆಗೆ ಹೋದೆವು. ಅವನ ತಾಯಿ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಯಾರೋ ಅವರಿಗೆ, ನಿಮ್ಮ ಮಗ ಪೆಟ್ರೋಲು ಹಾಕಿಸಿಕೊಳ್ಳದೆ ಹಾರಿದ ಎಂದು ಹೇಳಿದ್ದರು. ಅವರು ನಿನ್ನ ಅಜ್ಜನನ್ನು ಮರಾಠಿಯಲ್ಲಿ ಅದೊಂದನ್ನೇ ಕೇಳಿದರು, ಪೆಟ್ರೋಲು ಕಡಿಮೆ ಬಿದ್ದಿತ್ತೇ ಎಂದು.

"ಇಲ್ಲ ತಾಯಿ, ಟ್ಯಾಂಕು ತುಂಬಿತ್ತು. ನಾನೇ ಕೋಲು ಹಾಕಿ ನೋಡಿದ್ದೆ. ನಿಮ್ಮ ಮಗನ ತಪ್ಪು ಏನೂ ಇಲ್ಲ," ಎಂದರು ಇವರು ತಮ್ಮ ಮುರುಕು ಮರಾಠಿಯಲ್ಲಿ.

ಆ ತಾಯಿ ಆಮೇಲೆ ನನ್ನ ಕಡೆ ನೋಡಿ, ಜೋಳದ ಭಾಕರಿ ಕಳಿಸುತ್ತಿದ್ದವಳು ನೀನೇನಾ ಎಂದರು. ನಾನು ತಲೆ ಆಡಿಸಿದೆ. ನನ್ನ ಕೈ ಹಿಡಿದುಕೊಂಡರು. ಆ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಕೂತಿದ್ದೆ.

ವಿಚಾರಣೆಯ ಕಾಗದದಲ್ಲಿ ಏನೇನು ಬರೆದರೋ ನನಗೆ ಪೂರ್ತಿ ಗೊತ್ತಿಲ್ಲ. ಮುಚ್ಚಳದ ರಬ್ಬರು ಸವೆದಿತ್ತು, ಟ್ಯಾಂಕಿನಲ್ಲಿ ಮಳೆ ನೀರು ಇತ್ತು, ನೋಡುವ ಬಾಟಲಿ ಒದ್ದೆ ಇದ್ದುದರಿಂದ ಕೆಲಸದವನು ಮೋಸಹೋದ ಎಂದು ಇದೆಯಂತೆ. ಆ ಕಾಗದವನ್ನು ನಿಮ್ಮ ಅಪ್ಪ ಓದಿದ್ದಾನೆ. ಅದಕ್ಕೇ ಅವನು ಈ ವಿಷಯ ಎತ್ತುವುದಿಲ್ಲ. ತನ್ನ ತಾಯಿಯ ಕೈಯಿಂದ ಹಾಗಾಯಿತು ಎಂದು ನಿಮಗೆ ಹೇಗೆ ಹೇಳುತ್ತಾನೆ? ಮಾಲೀಕರು ಆಮೇಲೆ ಬೇರೆ ವಿಮಾನ ತೆಗೆದುಕೊಂಡರು. ಅದಕ್ಕೆ ಇವರನ್ನು ಕರೆಯಲಿಲ್ಲ. ಕರೆದಿದ್ದರೂ ಇವರು ಹೋಗುತ್ತಿರಲಿಲ್ಲ.

ಘಾಟ್ಕೋಪರಿನ ಒಂದು ಫ್ಲ್ಯಾಟುಗಳ ಸೊಸೈಟಿಯಲ್ಲಿ ಅವರಿಗೆ ವಾಚ್‌ಮನ್ ಕೆಲಸ ಸಿಕ್ಕಿತು. ಚಾಳಿನಲ್ಲಿ ಸುದ್ದಿ ಹರಡಿತ್ತು. ನಲ್ಲಿಯ ಹತ್ತಿರ ಪಕ್ಕದ ಖೋಲಿಯವಳು, "ಇವಳಿಗೆ ಜಾಗ ಕೊಡ್ರೇ, ತೊಳಿಯೂದರಾಗ ಭಾಳ ಶಾಣ್ಯಾಕಿ," ಎಂದಳು. ಉಳಿದವರು ನಗಲಿಲ್ಲ, ಆದರೆ ಜಾಗ ಬಿಟ್ಟರು. ನಾನು ಕೊಡ ತುಂಬಿಕೊಂಡು ಬಂದೆ. ಅದು ನನಗೆ ಅಷ್ಟು ನೋಯಲಿಲ್ಲ. ಬೇರೆಯದು ನೋಯಿತು. ಆ ದಿನದಿಂದ ನಿನ್ನ ಅಜ್ಜ ತಮ್ಮ ತಟ್ಟೆ, ಲೋಟ, ಊಟದ ಡಬ್ಬಿಯನ್ನು ನನಗೆ ತೊಳೆಯಲು ಕೊಡಲಿಲ್ಲ. ತಾವೇ ಮೋರಿಯಲ್ಲಿ ಕೂತು ತೊಳೆದು, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದರು. ಒಂದು ಮಾತು ಬೈಯಲಿಲ್ಲ. ದಿನಕ್ಕೆ ಎರಡು ಸಲ, ಎಷ್ಟೋ ವರ್ಷ, ನಾನು ಒಲೆಯ ಹತ್ತಿರ ಕೂತು ಅದನ್ನು ನೋಡಿದೆ. ನಾನು ಒಣಗಿಸಿದ್ದೆ ಎಂದು ಬಾಯಿಗೆ ಬರುತ್ತಿತ್ತು. ಹೇಳಿದರೆ ನನ್ನ ತಲೆಯ ಮೇಲಿನದನ್ನು ಇಳಿಸಿ ಅವರ ತಲೆಯ ಮೇಲೆ ಇಡಬೇಕು. ಅದಕ್ಕೆ ನುಂಗಿಕೊಂಡೆ.

ನೀನು ನಡೆಯಲು ಕಲಿತ ಮೇಲೆ ಮಾತ್ರ ಅವರು ನಿನ್ನನ್ನು ಎತ್ತಿಕೊಂಡದ್ದು. ಬಿದ್ದು ಅತ್ತಾಗ, ಬೇರೆ ಯಾರೂ ಹತ್ತಿರ ಇರಲಿಲ್ಲ.

ಕೊನೆಗೆ ಅವರ ಎದೆಯಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಮಂಚ. ಒಂದು ಮಧ್ಯಾಹ್ನ ಕುಡಿಯಲು ನೀರು ಕೇಳಿದರು. ನಾನು ಗಾಜಿನ ಲೋಟದಲ್ಲಿ ಕೊಟ್ಟೆ. ಕುಡಿಯಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ತಳ ನೋಡಿದರು.

"ಬಾಟ್ಲಿ ನೀ ಒರಸಿದ್ದಿ, ಅಲ್ಲೇನ?" ಎಂದರು.

ನಾನು ಅವರ ಹೊದಿಕೆ ಸರಿಮಾಡಿದೆ.

"ಮೊದಲ ಎಡಗಡೆ ತಗದಿದ್ದೆ. ಅದರಾಗ ನೀರ ಇರಲಿಲ್ಲ. ಬಾಟ್ಲಿ ಹಸೀದಿದ್ರ ಅದರಾಗೂ ಬೀಳಬೇಕಿತ್ತು. ಬಲಗಡೀಗೆ ಅಷ್ಟಽ ಹ್ಯಾಂಗ ಬಿತ್ತು?"

ಹೇಳುವುದು ಕಷ್ಟವಾಗಿ ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು.

"ಅವತ್ತಽ ಗೊತ್ತಿತ್ತು. ಹೇಳಿಕಿ ಬರಸೂ ಮುಂದ. ಎಡಗಡೀದು ಅವರಿಗೆ ಹೇಳಲಿಲ್ಲ ನಾ. ನೀ ಹೇಳಿದ್ದಽ ಹಿಡಕೊಂಡೆ."

"ನೀರ ಕುಡೀರಿ," ಎಂದಷ್ಟೇ ಅಂದೆ. ಅವರು ಎರಡು ಗುಟುಕು ಕುಡಿದರು. ಮೂರನೆಯ ದಿನ ಹೋದರು. ಆ ಮೂರು ದಿನದಲ್ಲಿ ನನಗೆ ಮಾತಾಡಲು ಬೇಕಾದಷ್ಟು ಹೊತ್ತಿತ್ತು. ನಿನ್ನ ಅಪ್ಪ ಇರುತ್ತಿದ್ದ, ನರ್ಸ್ ಇರುತ್ತಿದ್ದಳು, ಪಕ್ಕದ ಮಂಚದವರು ಇರುತ್ತಿದ್ದರು ಎಂದು ಈಗ ನೆಪ ಹೇಳಬಹುದು. ಅವತ್ತೇ ಗೊತ್ತಿತ್ತು ಎಂದಾದರೆ ತಟ್ಟೆ ತೊಳೆಯಲು ಯಾಕೆ ನನಗೆ ಕೊಡಲಿಲ್ಲ ಎಂದು ಕೇಳಬೇಕಿತ್ತು. ನನ್ನ ಮೇಲಿನ ಸಿಟ್ಟಿಗೋ, ನಾನು ಅವರದನ್ನೆಲ್ಲ ಹೊತ್ತೆನೆಂದು ಇನ್ನು ಅವರ ಎಂಜಲೂ ನನಗೆ ಬೇಡ ಎಂದೋ, ನನಗೆ ಇವತ್ತಿಗೂ ತಿಳಿಯದು.

ಮಗಳೇ, ನಾನು ಕೂಸಿಗೆಂದು ಬಾಟಲಿ ತೊಳೆದದ್ದು ನಿನ್ನ ತಪ್ಪಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತೊಳೆದದ್ದರಿಂದ ಆ ಹುಡುಗ ಸಾಯಲಿಲ್ಲ. ನೀರು ಕಂಡಾಗ ನಿನ್ನ ಅಜ್ಜನಿಗೆ ಅದಕ್ಕೊಂದು ಕಾರಣ ಮೊದಲೇ ಸಿದ್ಧವಾಗಿತ್ತು. ನಾನೇ ಬೆಳಿಗ್ಗೆ ಚೀಲದ ಜೊತೆ ಕಟ್ಟಿಕೊಟ್ಟಿದ್ದೆ. ಅವರಷ್ಟು ಎಚ್ಚರದ ಮನುಷ್ಯನನ್ನು ನಾನು ನೋಡಿಲ್ಲ. ಹಿಟ್ಟಿನ ಡಬ್ಬಿಗೂ ಕೋಲು ಹಾಕುತ್ತಿದ್ದವರು. ಆದರೂ ಆ ದಿನ ಹೆಂಡತಿಯ ಮಾತು, ಮಾಲೀಕರ ಫೋನು, ಬರುವ ಮಳೆ, ಮನೆಗೆ ಬರುವ ಕೂಸು, ಎಲ್ಲ ಸೇರಿ ಅವರ ಕೈ ತಡೆದವು.

ನಿನಗೂ ಅಂಥ ದಿನ ಬರುತ್ತದೆ. ಬಾಟಲಿಯದಿರಬೇಕು, ಇಬ್ಬನಿ ಇರಬೇಕು, ಈಗಷ್ಟೇ ತೊಳೆದರಲ್ಲ ಎಂದು ಯಾರೋ ಹೇಳುತ್ತಾರೆ, ಅಥವಾ ನಿನಗೇ ಅನ್ನಿಸುತ್ತದೆ. ಹೇಳುವವರು ನಿನಗೆ ಕಲಿಸುವ ಸರ್ ಇರಬಹುದು, ಸುಳ್ಳು ಹೇಳದವರೇ ಇರಬಹುದು. ಕೇಳಬೇಡ. ಅದು ಎಲ್ಲಿಂದ ಬಂತು ಎನ್ನುವುದನ್ನು ಆಮೇಲೆ ಯೋಚಿಸು. ಮೊದಲು ಚೆಲ್ಲಿ, ಇನ್ನೊಂದು ಸಲ ಇಳಿಸು. ಮತ್ತೆ ಕಂಡರೆ ಮತ್ತೆ ಇಳಿಸು. ಯಾರು ಎಷ್ಟೇ ಕೂಗಾಡಲಿ, ಸ್ವಚ್ಛ ನೀಲಿ ಬರುವವರೆಗೆ ಒಳಗೆ ಹತ್ತಬೇಡ. ಬರಲೇ ಇಲ್ಲವಾದರೆ ಮನೆಗೆ ಬಾ.

ಇದನ್ನು ನಿನ್ನ ಅಪ್ಪನಿಗೂ ಓದಿ ಹೇಳು. ಅವನ ತಾಯಿ ಬಾಟಲಿ ಒಣಗಿಸಿಯೇ ಕೊಟ್ಟಿದ್ದಳು ಎಂದು ಅವನಿಗೆ ತಿಳಿಯಲಿ. ಅವನ ಅಪ್ಪ ನೀರು ನೋಡಿದ್ದರು ಎನ್ನುವುದೂ ಜೊತೆಗೇ ತಿಳಿಯುತ್ತದೆ. ಎರಡರಲ್ಲಿ ಒಂದನ್ನೇ ಕೊಡಲು ನನಗೆ ಬರುವುದಿಲ್ಲ. ಆ ಹುಡುಗನ ತಾಯಿ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಅವರಿಗೂ ಇದು ತಿಳಿಯಬೇಕು. ಅವರ ಮನೆ ನಿನ್ನ ಅಪ್ಪನಿಗೆ ಗೊತ್ತು. ಕರೆದುಕೊಂಡು ಹೋದರೆ ನಾನು ಬರುತ್ತೇನೆ. ಅಲ್ಲಿ ನನ್ನ ಬಾಯಿ ಹೊರಡದಿದ್ದರೆ ಈ ಹಾಳೆಗಳನ್ನು ನೀನು ಓದಿ ಮರಾಠಿಯಲ್ಲಿ ಹೇಳು.

ನಿಮ್ಮ ಶಾಲೆಯಲ್ಲಿ ಒಳ್ಳೆಯ ಲೋಟ ಕೊಡುತ್ತಾರೆ ಎಂದು ನೀನು ಹೇಳಿದೆ, ಅದನ್ನೇ ಉಪಯೋಗಿಸು. ಈ ಬಾಟಲಿ ನಿನ್ನ ಕೋಣೆಯಲ್ಲಿ, ಬೆಳಿಗ್ಗೆ ಎದ್ದಾಗ ಕಾಣುವ ಹಾಗೆ ಇರಲಿ. ಇವತ್ತು ಅದನ್ನು ಹಲಗೆಯಿಂದ ಇಳಿಸಿದೆ. ಧೂಳು ಕೂತಿತ್ತು. ತೊಳೆದೆ. ಹಂಚಿನ ಮೇಲೆ ಬಟ್ಟೆ ಹಾಸಿ ಒಣಗಿಸಿದೆ, ಬೆರಳಾಡಿಸಿ ನೋಡಿದೆ, ಪೇಪರಿನಲ್ಲಿ ಸುತ್ತಿ ನಿನ್ನ ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದೇನೆ.

ಒಣಗಿದೆ. ಆದರೂ ನೀನು ತೆಗೆದು, ಬೆಳಕಿಗೆ ಹಿಡಿದು ನೋಡು.